ಮಡಚುವ ಮೇಜಿನ ಫ್ರೆಂಚ್

ಮಾರ್ಚ್ ೯, ಸೋಮವಾರ ಬೆಳಗ್ಗೆ

ನನ್ನ ನಾಲಿಗೆಯನ್ನು ಏಳು ವರ್ಷ ತಮ್ಮ ಜೇಬಿನಲ್ಲಿಟ್ಟುಕೊಂಡು ತಿರುಗಿದ ಪತಿರಾಯರಿಗೆ,

ಕ್ಷೇಮ ಕೇಳುವುದಿಲ್ಲ. ನಿನ್ನೆಯವರೆಗೂ ಚೆನ್ನಾಗಿಯೇ ಇದ್ದಿರಿ. ಕೂತು ಓದಿ.

ಫ್ರೆಂಚರ ಈ ಊರಿಗೆ ಬಂದಾಗ ನನಗೆ ಫ್ರೆಂಚ್ ಕಲಿಸಿದವರು ನೀವೇ, ನಿಜ. ಆದರೆ ಎಂಥ ಫ್ರೆಂಚ್? ‘ಮಹನೀಯರೇ, ತಮ್ಮ ಅಪ್ಪಣೆಯಾದರೆ’ ಎನ್ನುವ ಪುಸ್ತಕದ ಫ್ರೆಂಚ್. ಲಾಂಡ್ರಿ ಕೆಲಸಕ್ಕೆ ಸೇರಿದ ಮೊದಲ ದಿನ ಅದನ್ನು ಒಪ್ಪಿಸಿದೆ. ಕಿರೀಟ ತೊಟ್ಟು ತರಕಾರಿ ಕೊಳ್ಳಲು ಬಂದವಳನ್ನು ಕಂಡ ಹಾಗೆ ನಕ್ಕರು. ಹಬೆಯಂತ್ರದ ಆ ಆರ್ಭಟದಲ್ಲಿ ಉದ್ದ ಮಾತಿಗೆ ಯಾರಿಗಿದೆ ಪುರುಸೊತ್ತು? ಹಾಸಿಗೆಯ ಹಾಸಿನ ಆ ತುದಿ ಜೊತೆಯವಳ ಕೈಲಿ, ಈ ತುದಿ ನನ್ನ ಕೈಲಿ. ಮಡಚುತ್ತ ಮಡಚುತ್ತ ಹತ್ತಿರ ಬಂದಾಗ ಕಿವಿಯಲ್ಲಿ ಒಂದೇ ಮಾತು. ಚಿಂತೆ ಬಿಡು ಎನ್ನಲು ‘ತಾಂಕ್ಯೆತ್’. ಸಾಕಾಗಿಹೋಯಿತು ಎನ್ನಲು ‘ಜಾನೆ ಮಾರ್’. ದಿನಕ್ಕೆ ಮುನ್ನೂರು ಹಾಸು, ಮುನ್ನೂರು ಮಾತು. ನಾನು ಕಲಿತದ್ದು ಅಲ್ಲಿ.

ನಿನ್ನೆ ಲಾಂಡ್ರಿಯ ಮೇಸ್ತ್ರಿಯಮ್ಮ ಮನೆಗೇ ಬಂದರು. ಹಾಸು ಮಡಚುವ ಮೇಜುಗಳ ಉಸ್ತುವಾರಿ ನನಗೆ ಕೊಡಬೇಕೆಂದಿದ್ದಾರೆ, ಒಪ್ಪುತ್ತಾಳೋ ಎಂದು ನಿಮ್ಮನ್ನು ಕೇಳಿದರು. ರಜೆ ಕೇಳುವುದಕ್ಕೂ ನನ್ನ ಬದಲು ನೀವೇ ಹೋಗುತ್ತಿದ್ದಿರಲ್ಲ, ಅದಕ್ಕೆ. ನೀವು ಕುರ್ಚಿಗೆ ಒರಗಿ, ಹಲ್ಲು ಕಿರಿದು ಏನಂದಿರಿ? ‘ಲೆಸ್ ತೋಂಬೆ, ಎಲ್ ಕಾಪ್ತ್ ರಿಯಾಂ.’ ಬಿಟ್ಟಾಕಿ, ಇವಳ ತಲೆಗೆ ಏನೂ ಹೋಗಲ್ಲ.

ಆಮೇಲೆ ನನ್ನ ಕಡೆ ತಿರುಗಿ, ಸಕ್ಕರೆ ಸುರಿದ ದನಿಯಲ್ಲಿ, “ನಿನ್ನ ಕೆಲಸ ಮೆಚ್ಕೊಂಡಿದಾರಂತೆ ಕಣೆ. ಕಾಫಿ ಕೊಡು.”

ಕೊಟ್ಟೆ. ಅವರನ್ನು ಕಳಿಸಲು ಮೆಟ್ಟಿಲಿಳಿದವಳು ಅರ್ಧದಲ್ಲಿ ತಡೆದು ಹೇಳಿದೆ: ‘ಶ ಕಾಪ್ತ್ ತೂ.’ ನನಗೆಲ್ಲ ತಿಳಿಯುತ್ತೆ. ಆ ಕೆಲಸ ನನಗೆ ಬೇಕು. ಮೇಸ್ತ್ರಿಯಮ್ಮ ಮೆಟ್ಟಿಲ ಮೇಲೇ ಕೂತುಬಿಟ್ಟರು. “ಅಯ್ಯೋ ಕಳ್ಳಿ, ಒಳಗೆ ಎಂಥಾ ನಾಟಕ ಆಡಿದೆಯೇ,” ಎಂದರು ಅವರ ಭಾಷೆಯಲ್ಲಿ. “ನಾಳೆ ಆರಕ್ಕೆ ಬಾ. ತಡ ಮಾಡಿದ್ರೆ ನಿನ್ನ ಬದಲು ನಿನ್ನ ಗಂಡನ್ನೇ ಕೆಲಸಕ್ಕೆ ಸೇರಿಸ್ಕೋತೀನಿ.”

ನೀವಿದನ್ನು ಓದುವಾಗ ನಾನು ಅಲ್ಲಿರುತ್ತೇನೆ. ಇನ್ನು ಡಾಕ್ಟರ ಬಳಿಯಾಗಲಿ ಬ್ಯಾಂಕಿನಲ್ಲಾಗಲಿ ನನ್ನ ಪರವಾಗಿ ನೀವು ತುಟಿ ಬಿಚ್ಚಕೂಡದು. ಗುರುವಾರ ಮಗಳ ಶಾಲೆಗೂ ನಾನೊಬ್ಬಳೇ ಹೋಗುತ್ತೇನೆ. ಅವಳ ಮೇಡಂಗೆ ನನ್ನ ಬಗ್ಗೆ ಏನೇನು ಹೇಳಿಟ್ಟಿದ್ದೀರೋ, ಎಲ್ಲ ಕೇಳಿಕೊಂಡು ಬರುತ್ತೇನೆ.

ಇಂದಿನಿಂದ ಹನ್ನೆರಡು ಮೇಜುಗಳ ಒಡತಿ,
ನಿಮ್ಮ ಹೆಂಡತಿ

ತಾ.ಕ.: ಈ ಊರಿನ ಮಾತು ನನಗೆ ತಿಳಿಯತೊಡಗಿ ಎರಡು ವರ್ಷವಾಯಿತು. ಔಷಧಿ ಅಂಗಡಿಯಲ್ಲಿ ನನ್ನ ತಲೆನೋವನ್ನು ನನಗಿಂತ ಚೆನ್ನಾಗಿ ನೀವು ವರ್ಣಿಸುವಾಗ, ನಿಮ್ಮ ತೋಳು ಹಿಡಿದು ನಿಲ್ಲುವುದು ನನಗೆ ಇಷ್ಟವಿತ್ತು. ಅದಕ್ಕೇ ಹೇಳಿರಲಿಲ್ಲ.