ಅಳೆದು ಕೊಟ್ಟ ತುತ್ತು

ಮಾರ್ಚ್ ೧೪, ಗುರುವಾರ
ಬೆಳಿಗ್ಗೆ ಹತ್ತೂವರೆ (ಗುಬ್ಬಿ ಮಲಗಿದ್ದಾಳೆ)

ಮೂರನೇ ಟೇಬಲಿನ ಪ್ರೀತಿಯ ಅಕ್ಕನಿಗೆ,

ನಾಲ್ಕನೇ ಟೇಬಲಿನ ತಂಗಿಯ ನಮಸ್ಕಾರಗಳು. ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ, ಬರೆದಿದ್ದೇನೆ. ಪೂರ್ತಿ ನಂಬಬೇಡಿ. ನಿಮ್ಮ ಕಾಗದ ಬಂದು ಏಳು ವಾರವಾಯಿತು. ಉತ್ತರ ಬರೆಯದ್ದಕ್ಕೆ ಮಗುವಿನ ನೆಪ ಹೇಳಬಹುದು, ಅತ್ತೆಯ ಮಂಡಿನೋವಿನ ನೆಪ ಹೇಳಬಹುದು. ನಿಜ ಹೇಳಬೇಕೆಂದರೆ ನಿಮ್ಮ ಒಂದು ಪ್ರಶ್ನೆಗೆ ಹೆದರಿ ಕುಳಿತಿದ್ದೆ. ಹತ್ತು ತಿಂಗಳಾಗುತ್ತಾ ಬಂತು, ಮಗಳು ಏನೇನು ತಿನ್ನುತ್ತಾಳೆ ಎಂದು ಕೇಳಿದ್ದಿರಿ. ಹೋದ ಭಾನುವಾರದವರೆಗೂ ಅದಕ್ಕೆ ನನ್ನ ಬಳಿಯಿದ್ದ ಉತ್ತರ ಒಂದೇ: ಏನೂ ಇಲ್ಲ.

ನೀವು ಕಾಗದದ ಹಿಂದೆ ಬರೆದು ಕಳಿಸಿದ ಪಟ್ಟಿಯನ್ನು ಬಂದ ದಿನವೇ ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿದೆ. ಬೆಳಿಗ್ಗೆಗೆ ಕಿವುಚಿದ ಬಾಳೆಹಣ್ಣು, ಹಾಲಿನಲ್ಲಿ ನೆನೆಸಿದ ಬ್ರೆಡ್ಡು, ಚೆನ್ನಾಗಿ ಬೆಂದ ಮೊಟ್ಟೆ. ಮಧ್ಯಾಹ್ನಕ್ಕೆ ಮೆತ್ತಗಿನ ಅನ್ನ-ಬೇಳೆ, ಇಲ್ಲವೇ ಬೆರಳುದ್ದಕ್ಕೆ ಹೆಚ್ಚಿ ಬೇಯಿಸಿದ ಕ್ಯಾರೆಟ್ಟು, ಆಲೂಗಡ್ಡೆ, ಕುಂಬಳಕಾಯಿ. ಕೆಳಗೆ ಗೆರೆ ಎಳೆದು, ವರ್ಷ ತುಂಬುವವರೆಗೆ ಉಪ್ಪು-ಸಕ್ಕರೆ ಮುಟ್ಟಿಸಬೇಡ ಎಂದೂ ಬರೆದಿದ್ದಿರಿ. ಮೂರು ಮಕ್ಕಳನ್ನು ಸಾಕಿ ಈಗ ಮೊಮ್ಮಗನಿಗೆ ಉಣಿಸುತ್ತಿರುವವರ ಪಟ್ಟಿ ಅದು, ಅದರಲ್ಲಿ ನನಗೇನು ಅನುಮಾನ? ದಿನಾ ಬೆಳಿಗ್ಗೆ ಓದುತ್ತಿದ್ದೆ. ಓದಿ, ಎಲ್ಲವನ್ನೂ ಬೇಯಿಸಿ, ಮಿಕ್ಸಿಗೆ ಹಾಕಿ, ಜರಡಿ ಹಿಡಿದು, ನೀರು ಬೆರೆಸಿ, ಬಾಟಲಿಯಲ್ಲಿ ಇಳಿಯುವಷ್ಟು ತೆಳ್ಳಗೆ ಮಾಡಿ ಕುಡಿಸುತ್ತಿದ್ದೆ. ಅವಳು ಕುಡಿದು ನನ್ನ ತಟ್ಟೆಯನ್ನೇ ನೋಡುತ್ತಿದ್ದಳು.

ಒಂದು ವಿಷಯ ಹೇಳಿದರೆ ನಗಬೇಡಿ. ನಮ್ಮ ಗೊಂಬೆ ಕಾರ್ಖಾನೆಯ ಅಳತೆ ಕೊಳವೆಯೊಂದು ನನ್ನ ಹತ್ತಿರ ಉಳಿದುಬಿಟ್ಟಿದೆ. ಹೆರಿಗೆ ರಜೆಗೆ ಹೊರಟ ದಿನ ಏಪ್ರನ್ನಿನ ಜೇಬಿನಲ್ಲಿ ಬಂದದ್ದು. ಗೊಂಬೆಯಿಂದ ಕಿತ್ತು ಬಂದ ತುಂಡು ಆ ಕೊಳವೆಯೊಳಗೆ ಪೂರ್ತಿ ಇಳಿದರೆ ಮಗುವಿನ ಗಂಟಲಿಗೂ ಇಳಿಯುತ್ತದೆ, ಟೇಬಲಿಗೆ ಬಂದ ಆ ತಟ್ಟೆಯ ಗೊಂಬೆಗಳೆಲ್ಲ ವಾಪಸ್. ಎಂಟು ವರ್ಷ ಅದನ್ನೇ ಮಾಡಿದ ಕೈ ಸುಮ್ಮನಿರುತ್ತದೆಯೇ? ಗುಬ್ಬಿಗೆ ಆರು ತಿಂಗಳು ತುಂಬಿದ ದಿನ ಅಡುಗೆಮನೆಯಲ್ಲಿ ಕೂತು ಒಂದೊಂದನ್ನೇ ಅದಕ್ಕೆ ಹಾಕಿ ನೋಡಿದೆ. ಬಟಾಣಿ ಇಳಿಯಿತು. ಬಾಳೆಹಣ್ಣಿನ ಬಿಲ್ಲೆ ಇಳಿಯಿತು. ಬ್ರೆಡ್ಡಿನ ಚೂರು ಇಳಿಯಿತು. ಕೊನೆಗೆ ಪಾಸಾದದ್ದು ಒಂದು ಇಡೀ ಆಲೂಗಡ್ಡೆ. ಹಲ್ಲೇ ಬಾರದವಳಿಗೆ ಇಡೀ ಆಲೂಗಡ್ಡೆ! ಅತ್ತೆ ಆ ಕೊಳವೆಯನ್ನು ಮೊಟ್ಟೆ ನಿಲ್ಲಿಸುವ ಬಟ್ಟಲು ಎಂದುಕೊಂಡು ತೊಳೆದು ಲೋಟಗಳ ಸಾಲಿನಲ್ಲಿ ಬೋರಲು ಹಾಕುತ್ತಿದ್ದರು. ವಿಷಯ ಗೊತ್ತಾದ ಮೇಲೆ ಸೊಂಟದ ಮೇಲೆ ಕೈಯಿಟ್ಟು ನಿಂತು, "ಏನಮ್ಮಾ, ಮಗೂಗೆ ಊಟ ಹಾಕ್ತಿದೀಯೋ, ಪರೀಕ್ಷೆ ಮಾಡ್ತಿದೀಯೋ?" ಎಂದರು. ಇವರಂತೂ ತಮ್ಮ ಬಸ್ಸಿಗೆ ಪ್ರಯಾಣಿಕರನ್ನೂ ಹೀಗೇ ಅಳೆದು ಹತ್ತಿಸಬೇಕೆಂದು ನಕ್ಕರು. ನನಗೆ ನಗು ಬರಲಿಲ್ಲ.

ಈ ಭಯ ಎಲ್ಲಿಂದ ಅಂಟಿತೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಚಕ್ರದ ಬಾತುಕೋಳಿ ಗೊಂಬೆ. ಯಾವುದೋ ಊರಿನ, ಮುಖವೇ ಗೊತ್ತಿಲ್ಲದ ಒಂದು ಮಗು ಅದರ ಚಕ್ರ ಕಿತ್ತು ನುಂಗಿತಂತೆ, ಗಂಟಲಿಗೆ ತೂತು ಮಾಡಿ ಉಳಿಸಿಕೊಂಡರಂತೆ. ಪೆಟ್ಟಿಗೆ ವಾಪಸ್ ಬಂದಾಗ ಅದರ ಮೇಲೆ, ನೋಡಿ ಪಾಸು ಮಾಡಿದೆ ಎನ್ನುವ ಮೂರನೇ ನಂಬರಿನ ಸೀಲಿತ್ತು, ನಿಮ್ಮದು. ಹದಿನೆಂಟು ವರ್ಷ ದುಡಿದ ನಿಮ್ಮನ್ನು ಒಂದು ವಾರದಲ್ಲಿ ಮನೆಗೆ ಕಳಿಸಿದರು. ನಾನು ಬಸುರಿ, ಹೊಟ್ಟೆಯೊಳಗೆ ಇವಳು ಒದೆಯುತ್ತಿದ್ದಳು. ಅಂದಿನಿಂದ ಬಾಯಿ ತೆರೆದ ಯಾವ ಮಗುವನ್ನು ಕಂಡರೂ ನನಗೆ ಕಾಣುವುದು ಗಂಟಲು ಒಂದೇ.

ಈಗ ಎದ್ದಳು. ಆಮೇಲೆ ಬರೆಯುತ್ತೇನೆ.

ಮಧ್ಯಾಹ್ನ ಮೂರು ಗಂಟೆ

ಹೋದ ತಿಂಗಳು ಆರೋಗ್ಯ ಕೇಂದ್ರಕ್ಕೆ ತೂಕಕ್ಕೆ ಕರೆದುಕೊಂಡು ಹೋಗಿದ್ದೆ. ಏಳೂವರೆ ಕಿಲೋ. ಅದರ ಹಿಂದಿನ ತಿಂಗಳೂ ಏಳೂವರೆ, ಅದರ ಹಿಂದಿನ ತಿಂಗಳೂ ಅಷ್ಟೇ. ನರ್ಸಮ್ಮ ಚೀಟಿಯನ್ನು ಮೂರು ಸಲ ತಿರುವಿ ನೋಡಿದರು. ಮಗು ಗಟ್ಟಿ ಊಟ ಕಲಿಯುವ ಕಾಲ ದಾಟುತ್ತಿದೆ, ಇನ್ನೊಂದು ತಿಂಗಳು ಹೀಗೇ ಆದರೆ ದೊಡ್ಡಾಸ್ಪತ್ರೆಗೆ ಬರೆದುಕೊಡಬೇಕಾಗುತ್ತದೆ ಎಂದರು. ಅಂದರೆ ನೋಡಿ, ಗಂಟಲಿಗೆ ಸಿಕ್ಕಿಕೊಂಡೀತು ಎಂಬ ಹೆದರಿಕೆಯಲ್ಲಿ ನಾನೇ ನನ್ನ ಮಗುವನ್ನು ಉಪವಾಸ ಕೆಡವುತ್ತಿದ್ದೆ. ಮನೆಗೆ ಬರುವ ದಾರಿಯುದ್ದಕ್ಕೂ ಅವಳ ಮಣಿಕಟ್ಟನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಬಂದೆ. ಎಷ್ಟು ಸಣ್ಣ ಅಂತೀರಿ.

ಮರುದಿನ ಕುಂಬಳಕಾಯಿ ತಂದೆವು. ಹೆಚ್ಚಲು ಕೂತ ಅತ್ತೆ, ಸುಮ್ಮನೆ ಬಾಯಿಗೆ ಬಂತು ಅಂತ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂದರು. ನನ್ನ ಕೈಯಲ್ಲಿದ್ದ ಪಾತ್ರೆ ಜಾರಿ ಬಿತ್ತು. ಅವರು ನನ್ನ ಮುಖವನ್ನೇ ನೋಡಿ, ಹುಷಾರಿಲ್ಲವೇ, ಹೋಗಿ ಮಲಗು ಎಂದರು. ಕುಂಬಳಕಾಯಿಯನ್ನು ಅಂದೂ ಮಿಕ್ಸಿಗೇ ಹಾಕಿದೆ.

ಇನ್ನು ಭಾನುವಾರದ ವಿಷಯ. ಬರೆಯುವಾಗಲೂ ಅಕ್ಷರ ಸೊಟ್ಟಗಾಗುತ್ತಿದೆ, ಹೇಗೋ ಓದಿಕೊಳ್ಳಿ.

ಇವರಿಗೆ ರಜೆ. ಇವತ್ತು ಏನಾದರೂ ಆಗಲಿ, ನಾನು ಪಕ್ಕದಲ್ಲೇ ಇರುತ್ತೇನೆ, ಒಂದು ಗಟ್ಟಿ ತುತ್ತು ಕೊಟ್ಟೇಬಿಡೋಣ ಎಂದರು. ನಿಮ್ಮ ಪಟ್ಟಿಯಂತೆ ಕ್ಯಾರೆಟ್ಟನ್ನು ಬೆರಳುದ್ದಕ್ಕೆ ಹೆಚ್ಚಿ ಬೇಯಿಸಿದೆ. ಬೇಯಿಸಿದ್ದು ಸಾಲದೆಂದು ಇನ್ನೂ ಹತ್ತು ನಿಮಿಷ ಬೇಯಿಸಿದೆ. ಅವಳನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿ ತುಂಡನ್ನು ಕೈಗೆ ಕೊಟ್ಟೆವು. ಗುಬ್ಬಿ ಅದನ್ನು ತಿರುಗಿಸಿ ನೋಡಿದಳು, ಮೂಗಿಗೆ ಒರೆಸಿಕೊಂಡಳು, ಆಮೇಲೆ ಈಚೆಗೆ ಬಂದ ಎರಡೇ ಹಲ್ಲಿನಲ್ಲಿ ಕಚ್ಚಿದಳು. ಏನು ಖುಷಿ ಅಕ್ಕಾ ಅವಳಿಗೆ! ಕಾಲೆರಡನ್ನೂ ಬಡಿದಳು. ಎರಡನೇ ಸಲ ಕಚ್ಚಿದ ಚೂರು ಸ್ವಲ್ಪ ಹಿಂದಕ್ಕೆ ಹೋಯಿತು. ಮುಖ ಕೆಂಪಾಯಿತು, ನಾಲಿಗೆ ಹೊರಗೆ ಬಂತು, ಕಣ್ಣಲ್ಲಿ ನೀರು, ಓಕರಿಕೆಯ ಸದ್ದು, ಕೆಮ್ಮು.

ಇವರು ಬೇಡ, ಮುಟ್ಟಬೇಡ ಅಂದರಂತೆ. ನನಗೆ ಕೇಳಿಸಲಿಲ್ಲ. ನನ್ನ ಬೆರಳು ಆಗಲೇ ಅವಳ ಬಾಯೊಳಗಿತ್ತು. ತೆಗೆಯಲು ಹೋದೆ ಅಕ್ಕಾ, ತೆಗೆಯುವುದಕ್ಕೇ ಹೋದೆ. ಚೂರು ಬೆರಳ ತುದಿಗೆ ತಗುಲಿ ಒಳಕ್ಕೆ ಜಾರಿತು. ಕೆಮ್ಮು ನಿಂತುಹೋಯಿತು. ಅಳುವೂ ಇಲ್ಲ, ಉಸಿರಿನ ಸದ್ದೂ ಇಲ್ಲ. ಬಾಯಿ ತೆರೆದೇ ಇದೆ, ಕಣ್ಣು ನನ್ನನ್ನೇ ನೋಡುತ್ತಿದೆ.

ಇವರು ಅವಳನ್ನು ಕಿತ್ತುಕೊಂಡರು. ಮುಂಗೈಯ ಮೇಲೆ ಬೋರಲು ಮಲಗಿಸಿ, ತಲೆಯನ್ನು ಕೆಳಗೆ ಮಾಡಿ ಹಿಡಿದು, ಬೆನ್ನಿನ ನಡುವೆ ಅಂಗೈಯ ಬುಡದಿಂದ ಹೊಡೆದರು. ಒಂದು, ಎರಡು, ಮೂರು. ಚಾಲಕರಿಗೆಲ್ಲ ವರ್ಷಕ್ಕೊಮ್ಮೆ ಪ್ರಥಮ ಚಿಕಿತ್ಸೆ ಕಲಿಸುತ್ತಾರಲ್ಲ, ಅಲ್ಲಿ ಕಲಿತದ್ದು. ಪ್ರತಿ ಸಲ ಆ ತರಬೇತಿಗೆ ಹೋಗುವಾಗ ಒಂದು ದಿನ ದಂಡ ಎಂದು ಗೊಣಗುತ್ತಿದ್ದ ಮನುಷ್ಯ. ನಾಲ್ಕನೇ ಏಟಿಗೆ ಕಿತ್ತಳೆ ಬಣ್ಣದ ಚೂರೊಂದು ನೆಲಕ್ಕೆ ಬಿತ್ತು, ಹಿಂದೆಯೇ ಅವಳು ಚೀರಿದಳು. ಅಷ್ಟು ಒಳ್ಳೆಯ ಸದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿಲ್ಲ. ಅವಳ ತುಟಿಯಲ್ಲಿ ಸ್ವಲ್ಪ ರಕ್ತವಿತ್ತು. ನನ್ನ ಉಗುರು ಗೀರಿದ್ದು.

ಆರೋಗ್ಯ ಕೇಂದ್ರಕ್ಕೆ ಓಡಿದೆವು. ನರ್ಸಮ್ಮ ಬಾಯಿಗೆ ದೀಪ ಹಿಡಿದು ನೋಡಿ, ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿ, ಮಗು ಚೆನ್ನಾಗಿದೆ ಎಂದರು. ಆಮೇಲೆ ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದರು. ಬೈಯುತ್ತಾರೆ ಎಂದುಕೊಂಡಿದ್ದೆ. ಮೆಲ್ಲಗೇ ಹೇಳಿದರು.

"ನೋಡಿ, ಮಗು ಕೆಮ್ತಾ ಇದ್ರೆ ಅದರ ಕೆಲಸ ಅದು ಮಾಡ್ತಿದೆ ಅಂತ. ನೀವು ಕೈ ಹಾಕ್ಬೇಡಿ. ಸದ್ದು ನಿಂತ್ರೆ ಮಾತ್ರ ನಿಮ್ಮ ಕೆಲಸ ಶುರು."

ನಾನು ಕಾರ್ಖಾನೆಯ ಕೊಳವೆಯ ವಿಷಯವನ್ನೂ ಹೇಳಿಬಿಟ್ಟೆ. ಅವರು ನಗಲಿಲ್ಲ. ಗೊಂಬೆ ಕರಗುವುದಿಲ್ಲ, ಊಟ ಕರಗುತ್ತದೆ, ಎರಡಕ್ಕೂ ಒಂದೇ ಅಳತೆ ಆಗುವುದಿಲ್ಲ ಎಂದರು. ತುಂಡನ್ನು ಹೆಬ್ಬೆರಳು ತೋರುಬೆರಳ ನಡುವೆ ಒತ್ತಬೇಕಂತೆ, ಸುಲಭವಾಗಿ ಹಿಸುಕಿದರೆ ಕೊಡಬಹುದಂತೆ. ದ್ರಾಕ್ಷಿಯಂಥ ಗುಂಡನೆಯದನ್ನು ಉದ್ದಕ್ಕೆ ಸೀಳಬೇಕು, ಗಟ್ಟಿ ಬೀಜಗಳನ್ನು ಕೊಡಲೇಬಾರದು, ಮಗು ತಿನ್ನುವಷ್ಟು ಹೊತ್ತೂ ಎದುರಿಗೆ ಕೂತಿರಬೇಕು. ಬೆನ್ನಿಗೆ ಹೊಡೆಯುವುದನ್ನು ಒಂದು ಬಟ್ಟೆಯ ಗೊಂಬೆಯ ಮೇಲೆ ನನ್ನಿಂದಲೇ ಹತ್ತು ಸಲ ಮಾಡಿಸಿದರು. ಒಂಬತ್ತನೇ ಸಲಕ್ಕೆ ಏಟು ಸರಿಯಾದ ಜಾಗಕ್ಕೆ ಬಿತ್ತು.

ಸೋಮವಾರ ನಾನು ಬೇಡವೆಂದೇ ಇದ್ದೆ. ಗುಬ್ಬಿಯೇ ಬಿಡಲಿಲ್ಲ. ಅತ್ತೆಯ ತಟ್ಟೆಗೆ ಕೈಚಾಚಿ, ಕೊಡದಿದ್ದರೆ ಮನೆ ಹಾರಿಹೋಗುವ ಹಾಗೆ ಕಿರುಚಿದಳು. ಆಲೂಗಡ್ಡೆ ಹಿಸುಕಿ ನೋಡಿ ಕೊಟ್ಟೆ. ತಿಂದಳು. ಮಂಗಳವಾರ ಬೆಳಿಗ್ಗೆ ಬಾಳೆಹಣ್ಣು, ಮಧ್ಯಾಹ್ನ ಅನ್ನ-ಬೇಳೆ. ನಿನ್ನೆ ಅರ್ಧ ಮೊಟ್ಟೆ, ಆಮೇಲೆ ಬ್ರೆಡ್ಡು. ಇವತ್ತು ಕುಂಬಳಕಾಯಿ, ಹೊಟ್ಟೆಗಿಂತ ಕೂದಲಿಗೇ ಹೆಚ್ಚು ಹೋಯಿತು. ಎರಡು ಸಲ ಓಕರಿಸಿದಳು. ನನ್ನ ಕೈಯನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ನಾನೇ ಕೂತೆ. ಅವಳು ಚೂರನ್ನು ತಾನೇ ಮುಂದಕ್ಕೆ ತಂದು, ಅಗಿದು, ನುಂಗಿದಳು. ಭಯ ಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಪ್ರತಿ ತುತ್ತಿಗೂ ಜೀವ ಬಾಯಿಗೆ ಬಂದು ಹೋಗುತ್ತದೆ. ಆದರೂ ಕೊಡುತ್ತಿದ್ದೇನೆ. ಮುಂದಿನ ವಾರ ತೂಕ, ಏನು ಬರುತ್ತದೋ ನೋಡಬೇಕು.

ಬರುವ ಸೋಮವಾರದಿಂದ ಕೆಲಸಕ್ಕೆ ಹಾಜರಾಗಬೇಕು. ಹೆರಿಗೆ ರಜೆಯೂ ಮುಗಿಯಿತು, ಅದರ ಮೇಲೆ ಕೇಳಿಕೊಂಡ ಸಂಬಳವಿಲ್ಲದ ರಜೆಯೂ ಮುಗಿಯಿತು. ಹಗಲು ಅತ್ತೆ ನೋಡಿಕೊಳ್ಳುತ್ತಾರೆ, ಬೆನ್ನಿಗೆ ಹೊಡೆಯುವುದನ್ನು ಅವರಿಗೂ ಕಲಿಸಿದ್ದೇನೆ. ನಿಮ್ಮ ಟೇಬಲಿಗೆ ಹೊಸಬಳು ಬಂದಿದ್ದಾಳಂತೆ, ಕೆಲಸದಲ್ಲಿ ಚುರುಕಂತೆ, ಮಾತು ಕಡಿಮೆಯಂತೆ. ಮಾತಿಲ್ಲದ ಮೂರನೇ ಟೇಬಲನ್ನು ನೆನೆಸಿಕೊಳ್ಳಲೂ ನನಗೆ ಆಗುತ್ತಿಲ್ಲ.

ನಿಮ್ಮ ಲಾಂಡ್ರಿ ಕೆಲಸ ಹೇಗಿದೆ? ಬಿಸಿ ಹಬೆಗೆ ಕೈ ಚರ್ಮ ಸುಲಿಯುತ್ತದೆ ಎಂದಿದ್ದಿರಿ, ಮುಲಾಮು ಹಚ್ಚಿಕೊಳ್ಳಿ, ಸೋಮಾರಿತನ ಮಾಡಬೇಡಿ. ಮೊಮ್ಮಗನಿಗೆ ನನ್ನ ಮುದ್ದು. ಗುಬ್ಬಿಯ ತಲೆಯ ಮೇಲೆ ನಿಮ್ಮ ಆಶೀರ್ವಾದವಿರಲಿ, ಅವಳು ಚೆನ್ನಾಗಿ ಉಂಡು, ಅಗಿದು, ದಕ್ಕಿಸಿಕೊಂಡು ಬೆಳೆಯಲಿ ಎಂದು ಹರಸಿ. ನನ್ನನ್ನು ಹರಸುವುದು ಬೇಡ, ಕೆಳಗಿನದನ್ನು ಓದಿದ ಮೇಲೆ ಯೋಚಿಸಿ.

ಇಂತಿ ನಿಮ್ಮ
ನಾಲ್ಕನೇ ಟೇಬಲಿನ ತಂಗಿ

ತಾ.ಕ.: ಈ ಕಾಗದವನ್ನು ಮೂರು ಸಲ ಬರೆದು ಹರಿದಿದ್ದು ಇದೊಂದು ಮಾತಿಗಾಗಿ. ಆ ಬಾತುಕೋಳಿಗಳನ್ನು ನೀವು ನೋಡಿಯೇ ಇರಲಿಲ್ಲ ಅಕ್ಕಾ. ನನ್ನ ಕಾಲು ಊದಿಕೊಂಡಿತ್ತೆಂದು ನನ್ನ ಪಾಲಿನ ಮೂರು ತಟ್ಟೆಗಳನ್ನು ದಿನಾ ನೀವೇ ಎಳೆದುಕೊಳ್ಳುತ್ತಿದ್ದಿರಿ. ಆ ದಿನ ಕಿರಿಯ ಮಗನ ಶಾಲೆಯಿಂದ ಕರೆ ಬಂದು ನೀವು ಒಂದು ಗಂಟೆ ಹೊರಗೆ ಹೋಗಿದ್ದಿರಿ. ಲಾರಿ ಬಂದು ನಿಂತಿತ್ತು. ನೋಡದ ತಟ್ಟೆ ಎಡಕ್ಕೆ, ನೋಡಿದ್ದು ಬಲಕ್ಕೆ, ಲಾರಿ ಹೊರಡುವಾಗ ಬಲಗಡೆಯ ತಟ್ಟೆಗಳ ಪೆಟ್ಟಿಗೆಗೆಲ್ಲ ಸೀಲು, ಇದು ನಮ್ಮ ರೂಢಿ. ನನ್ನ ಮುಂದೆ ಇನ್ನೂ ಬಾತುಕೋಳಿಯ ಮೂರು ತಟ್ಟೆ ಉಳಿದಿದ್ದವು. ಒಂದು ಚಕ್ರವನ್ನೂ ಜಗ್ಗಿ ನೋಡದೆ ಅವಕ್ಕೆ ನನ್ನ ಸೀಲು ಒತ್ತಲು ಹೆದರಿಕೆಯಾಯಿತು. ಎತ್ತಿ ನಿಮ್ಮ ಬಲಕ್ಕೆ ಇಟ್ಟೆ. ನೀವು ಓಡೋಡಿ ಬಂದು, ಬಲಗಡೆ ಇದ್ದವಕ್ಕೆಲ್ಲ ಒಂದೊಂದಾಗಿ ಸೀಲು ಒತ್ತಿದಿರಿ. ನಾನು ನೋಡುತ್ತ ಕೂತಿದ್ದೆ.

ಸೋಮವಾರ ಮೊದಲು ಇದನ್ನು ಸೂಪರ್‌ವೈಸರಿಗೆ ಬರೆದು ಕೊಡುತ್ತೇನೆ, ಕೆಲಸಕ್ಕೆ ಕೂರಿಸುತ್ತಾರೋ ಕಳಿಸುತ್ತಾರೋ ಆಮೇಲಿನ ಮಾತು. ಹೋದ ಕಾಗದದಲ್ಲಿ ನೀವು, ಮೊಮ್ಮಗನಿಗೆ ಉಣಿಸುವಾಗ, ಆ ಚಕ್ರ ನನ್ನ ಕಣ್ಣಿಗೆ ಹೇಗೆ ತಪ್ಪಿತೋ ಎಂದು ಈಗಲೂ ಯೋಚನೆ ಬರುತ್ತದೆ ಎಂದು ಬರೆದಿದ್ದಿರಿ. ತಪ್ಪಿಲ್ಲ ಅಕ್ಕಾ. ನಿಮ್ಮ ಕಣ್ಣು ಯಾವತ್ತೂ ತಪ್ಪಿಲ್ಲ.

ನಿಮ್ಮನ್ನು ಕಳಿಸಿದ ಸಂಜೆ ಗೇಟಿನ ಹತ್ತಿರ ನಾನು ಅಳುತ್ತ ನಿಂತಿದ್ದೆ. ನೀವು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು, "ಅಳ್ಬೇಡ್ವೇ, ಈ ಟೈಮಲ್ಲಿ ಅಳಬಾರ್ದು. ತಪ್ಪು ನಂದು, ನಿಂದಲ್ವಲ್ಲ" ಅಂದಿರಿ.

ನಾನು ಹೂಂ ಅಂದೆ.