ಎತ್ತುವವರು, ಹಿಡಿಯುವವರು

ಬಸವಕಲ್ಯಾಣ
೧೩ ನವೆಂಬರ್ ೨೦೨೫, ಗುರುವಾರ

ಪ್ರೀತಿಯ ಅವ್ವಾ,

ನಿನ್ನ ಸಣ್ಣ ಮಗ ಗುರುಲಿಂಗನ ಶರಣು. ಮೊಣಕಾಲು ಹೇಗಿದೆ? ಚಳಿ ಶುರುವಾಗಿದೆ, ಹುಮನಾಬಾದಿನಲ್ಲಿ ಅಣ್ಣ ಶರಣಕುಮಾರನ ಮನೆಯ ನೆಲವೆಲ್ಲ ಫರಸಿ ಕಲ್ಲು, ಬರಿಗಾಲಲ್ಲಿ ಓಡಾಡಬೇಡ. ಬಿ.ಪಿ. ಗುಳಿಗೆಯನ್ನು ದಿನಾ ನುಂಗುತ್ತೀಯೋ, ಇಲ್ಲ ತಲೆ ತಿರುಗಿದ ದಿನ ಮಾತ್ರವೋ? ನಿನ್ನ ಸೊಸೆ ರೂಪಾಲಿ ವೈನಿ ಕೊಟ್ಟ ಗುಳಿಗೆಗಳು ನಿನ್ನ ದಿಂಬಿನ ಕೆಳಗೆ ಸಿಕ್ಕವಂತೆ, ಅಣ್ಣ ಹೇಳಿದ. ಡಾಕ್ಟರಿಗೆ ಮೋಸ ಮಾಡಬಹುದು, ಮೈಗೆ ಮಾಡಲಾಗದು ಎಂದು ನನಗೆ ಬುದ್ಧಿ ಹೇಳುತ್ತಿದ್ದವಳು ನೀನೇ. ನಾನು ಆರಾಮಾಗಿದ್ದೇನೆ. ಖಾನಾವಳಿಯ ರೊಟ್ಟಿ ಹಪ್ಪಳದ ತಮ್ಮನ ಹಾಗಿರುತ್ತದೆ, ಆದರೂ ಹೊಟ್ಟೆ ತುಂಬುತ್ತದೆ.

ನೀನು ನನ್ನ ಫೋನ್ ತೆಗೆಯುವುದಿಲ್ಲ, ಅದಕ್ಕೇ ಈ ಕಾಗದ. ಪ್ರತಿ ಅಮಾವಾಸ್ಯೆಗೆ ಕಲ್ಯಾಣಕ್ಕೆ ಬಂದು ನನ್ನ ಬಾಡಿಗೆ ಖೋಲಿಯ ಕಸ ಬಳಿದು, ನನ್ನನ್ನೂ ಬೈದು ಹೋಗುತ್ತಿದ್ದವಳು ಎರಡು ಅಮಾವಾಸ್ಯೆಯಿಂದ ಬಂದಿಲ್ಲ. ಇದನ್ನು ವೈನಿಯ ಕೈಗೆ ಕೊಟ್ಟು ಓದಿಸಬೇಡ, ನೀನೇ ಓದು. ಅಪ್ಪನ ಭಜನೆ ವಹಿಯ ಮೇಲೆ ಬೆರಳಿಟ್ಟು ಅಕ್ಷರ ಕಲಿತವಳು ನೀನು, ಅದಕ್ಕೇ ನಾನು ದಪ್ಪ ದಪ್ಪ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಕಾಗದ ತರುವವನು ಅಸದ್. ನಮ್ಮ ದುಬಲಗುಂಡಿಯ ಭಜನೆಯಲ್ಲಿ ಢೋಲಕ್ ಬಾರಿಸುತ್ತಾನಲ್ಲ, ಹುಮನಾಬಾದ್ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಅಂಗಡಿ, ಅವನೇ. ಇಲ್ಲಿ ಅಕ್ಕನ ಮನೆಗೆ ಬಂದಿದ್ದಾನೆ, ನಾಲ್ಕರ ಬಸ್ಸಿಗೆ ಹೊರಡುತ್ತಾನೆ.

ನಾನು ಮಾಡುವ ಕೆಲಸ ಎಂಥದು ಎಂದು ನೀನು ಎಷ್ಟೋ ಸಲ ಕೇಳಿದ್ದೀ, ಪ್ರತಿ ಸಲ ನಾನು ಸಿಡುಕಿದ್ದೇನೆ. ಈಗ ಸಮಾಧಾನದಿಂದ ಹೇಳುತ್ತೇನೆ. ಮದುವೆ ಸೀಜನ್ನಿನಲ್ಲಿ ಆರ್ಕೆಸ್ಟ್ರಾದವರ ಜೊತೆ ಕೀಬೋರ್ಡ್ ನುಡಿಸುವುದು ಹೊಟ್ಟೆಗೆ. ಉಳಿದ ದಿನ ಖೋಲಿಯ ಬಾಗಿಲಿಗೆ ನೀನು ಹೊಲಿದ ಕೌದಿ ತೂಗುಹಾಕಿ, ಆಟೋದ ಸಪ್ಪಳ ಒಳಗೆ ಬರದ ಹಾಗೆ ಮಾಡಿ, ನನ್ನದೇ ಹಾಡು ಮಾಡುತ್ತೇನೆ. ನನಗೆ ಕಂಪನಿ ಇಲ್ಲ, ಕ್ಯಾಸೆಟ್ ಹಾಕುವ ಸಾಹುಕಾರ ಇಲ್ಲ. ಹಾಡು ಕಟ್ಟುವವನು, ನುಡಿಸುವವನು, ಫೋಟೋ ಹಾಕಿ ಊರಿಗೆಲ್ಲ ಬಿಡುವವನು ಎಲ್ಲ ನಾನೇ. ಇಂಟರ್ನೆಟ್ಟಿನಲ್ಲಿ ಒಂದು ಅರ್ಜಿ ತುಂಬಿದರೆ ಸಾಕು, ಹಾಡು ಎಲ್ಲರ ಫೋನಿಗೂ ಸಿಗುತ್ತದೆ. ಸಿಗುತ್ತದೆ ಅಷ್ಟೇ, ಕೇಳುವುದು ಬೇರೆ ಮಾತು. ಹಾಡು ಮಾಡುವುದು ನಾಲ್ಕಾಣೆ ಕೆಲಸ, ಕೇಳ್ರಪ್ಪಾ ಎಂದು ಕೈಮುಗಿಯುವುದು ಹನ್ನೆರಡಾಣೆ. ಕೋಟೆಯ ಮುಂದೆ ನಿಂತು ಕೈ ಬೀಸುತ್ತ ರೀಲು ಮಾಡಿದೆ. ಬೀಗರ ಗ್ರೂಪು, ಶಾಲೆಯ ಗ್ರೂಪು, ಆರ್ಕೆಸ್ಟ್ರಾ ಗ್ರೂಪು ಎಲ್ಲದಕ್ಕೂ ಕಳಿಸಿದೆ. ಸೋದರಮಾವ ಅದಕ್ಕೆ ಉತ್ತರವಾಗಿ ಗುಲಾಬಿ ಹೂವಿನ ಚಿತ್ರ ಹಾಕಿ ಶುಭ ಮುಂಜಾನೆ ಎಂದ. ಐದು ಹಾಡು ಬಿಟ್ಟೆ. ಹೆಚ್ಚು ಓಡಿದ್ದನ್ನು ಕೇಳಿದ್ದು ಮುನ್ನೂರ ಹನ್ನೆರಡು ಸಲ, ಅದರಲ್ಲಿ ನಲವತ್ತು ಸಲ ನಾನೇ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು.

ಆರನೆಯದು ಅಪ್ಪನ ಪದ. ನೀನು ಬಲ್ಲೆ, ‘ಹಗೂರ ನಡಿ ಜೀವವೇ, ಹಾದ್ಯಾಗ ಬೀಜ ಬಿದ್ದಾವ.’ ಐದು ವರ್ಷದ ಹಿಂದೆ ದುಬಲಗುಂಡಿಯ ಬಸವಣ್ಣನ ಗುಡಿಯಲ್ಲಿ ಒಂದು ಸೋಮವಾರ ಅಸದ್ ಫೋನಿನಲ್ಲಿ ಹಿಡಿದು ತನ್ನ ಚಾನೆಲ್ಲಿಗೆ ಹಾಕಿದ್ದನಲ್ಲ, ಆ ವಿಡಿಯೋದಿಂದ ಅಪ್ಪನ ದನಿ ತೆಗೆದುಕೊಂಡು, ಅದರ ಕೆಳಗೆ ನನ್ನ ವಾದ್ಯ ಸೇರಿಸಿದೆ. ಅಪ್ಪ ಹಾಡಿದ್ದೆಲ್ಲ ಅಲ್ಲಿ ಇಲ್ಲಿ ಗಾಳಿಗೆ ಹೋಯಿತು, ಉಳಿದ ವಿಡಿಯೋ ಇದೊಂದೇ. ಅರ್ಜಿಯಲ್ಲಿ ‘ಹಾಡಿದವರು’ ಎಂಬ ಕಡೆ ಮಹಾರುದ್ರಪ್ಪ ಎಂದು ಬರೆದಾಗ ನನಗೆ ಅಳು ಬಂತು. ದುಬಲಗುಂಡಿಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದ ಮನುಷ್ಯನ ಹೆಸರು ಇನ್ನು ಲೋಕಕ್ಕೆಲ್ಲ ಕಾಣುತ್ತದೆ, ಮಗನಾಗಿ ದೊಡ್ಡ ಕೆಲಸ ಮಾಡಿದೆ ಅಂದುಕೊಂಡೆ. ಈ ಹಾಡನ್ನು ಎರಡು ಸಾವಿರ ಜನ ಹಚ್ಚಿದರು. ಆದರೆ ಇಪ್ಪತ್ತೆರಡನೇ ಸೆಕೆಂಡಿಗೆ ಮುಕ್ಕಾಲು ಪಾಲು ಜನ ಬಿಟ್ಟು ಹೋಗುತ್ತಿದ್ದರು. ಯಾರು ಎಲ್ಲಿ ಬಿಟ್ಟರು ಎಂಬುದನ್ನೂ ಅದು ಗೆರೆ ಎಳೆದು ತೋರಿಸುತ್ತದೆ, ಹೊಟ್ಟೆ ಉರಿಸಲಿಕ್ಕೆ.

ತಪ್ಪು ಆಗಿದ್ದು ಆ ಅರ್ಜಿಯಲ್ಲಿ. ಕೊನೆಗೆ ಎರಡು ಪ್ರಶ್ನೆ ಇದ್ದವು. ಈ ಹಾಡು, ಈ ಧಾಟಿ ಪೂರಾ ನಿಮ್ಮದೇ? ಬೇರೆಯವರು ಬಳಸಿದರೆ ಹುಡುಕಿ ತಡೆಯಬೇಕೇ? ಗುರುತು ಹಾಕದಿದ್ದರೆ ದೊಡ್ಡವರು ಕದ್ದುಬಿಡುತ್ತಾರೆ ಎಂದು ನನ್ನಂಥವರ ಗ್ರೂಪಿನಲ್ಲಿ ಯಾರೋ ಹೆದರಿಸಿದ್ದರು. ನಾನು ಎರಡಕ್ಕೂ ಹೌದು ಎಂದೆ. ಈ ಪದ ಯಾರದು ಎಂದು ಚಿಕ್ಕಂದಿನಲ್ಲಿ ಕೇಳಿದರೆ ಅಪ್ಪ ಏನು ಹೇಳುತ್ತಿದ್ದ? ‘ಯಾರದೋ ಏನೋ, ನಮ್ಮ ತನಕ ಬಂದದ, ಮುಂದ ದಾಟಸೂದು.’ ಅದು ನನಗೆ ನೆನಪಿತ್ತು ಅವ್ವಾ. ನೆನಪಿದ್ದೂ ಹೌದು ಎಂದೆ. ಕಳ್ಳರಿಗೆ ಹೆದರಿ ಬಾಗಿಲು ಹಾಕಿದೆ, ಮನೆಯವರೆಲ್ಲ ಹೊರಗೆ ಉಳಿದರು. ಹತ್ತು ದಿನದೊಳಗೆ ಆ ಯಂತ್ರ ದುಬಲಗುಂಡಿ ಭಜನೆಯ ಮೂರು ವಿಡಿಯೋ, ಕೊಹಿನೂರ ಹಳ್ಳಿಯ ಹೆಣ್ಣುಮಕ್ಕಳು ಹಾಡಿದ್ದೊಂದು, ಎಲ್ಲ ಹುಡುಕಿ ಹಿಡಿಯಿತು. ಎಲ್ಲರ ಫೋನಿಗೂ ಚೀಟಿ ಹೋಯಿತು: ಗುರುಲಿಂಗ ಮಹಾರುದ್ರಪ್ಪ ಅವರ ಹಕ್ಕಿನ ಮೇರೆಗೆ ಇದನ್ನು ತಡೆಯಲಾಗಿದೆ. ಅಸದನ ವಿಡಿಯೋಕ್ಕೂ ಹೋಯಿತು.

ನಿನ್ನ ಮನೆಯಲ್ಲಿ ಅವತ್ತು ಏನಾಯಿತೆಂದು ವೈನಿ ಹೋದ ವಾರ ಹೇಳಿದರು. ನಾನು ಒತ್ತಾಯ ಮಾಡಿ ಕೇಳಿದೆ, ಅವರನ್ನು ಬೈಯಬೇಡ. ಮುಂಜಾನೆ ಒಲೆಯ ಮುಂದೆ ಕೂತು, ದಿನದ ಹಾಗೆ ಅಸದನ ವಿಡಿಯೋ ಹಚ್ಚಿ, ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ಇಟ್ಟೆಯಂತೆ. ಅಪ್ಪ ಬರುವ ಜಾಗದಲ್ಲಿ ಬರೀ ಕಪ್ಪು, ಮೇಲೆ ಎರಡು ಸಾಲು ಇಂಗ್ಲಿಷ್. ‘ಯಾರ ಹೆಸರದ ಓದು’ ಎಂದೆಯಂತೆ. ವೈನಿ ಓದಿದರು. ನೀನು ಫೋನು ಬೋರಲು ಹಾಕಿ ರೊಟ್ಟಿ ಬಡಿದೆ. ಅಷ್ಟು ಹೇಳಿ ವೈನಿ ಇನ್ನೊಂದು ಮಾತು ಹೇಳಿದರು, ಅದು ನನಗೆ ಗೊತ್ತೇ ಇರಲಿಲ್ಲ: ‘ಅತ್ತಿಯವ್ರು ಬರೇ ಕೇಳ್ತಿದ್ದಿಲ್ಲ. ಮಾವನವ್ರು ಸಾಲು ಎತ್ತಿದ್ರ ಇವ್ರು ಹಿಂದಿಂದ ಹಾಡಿ ಹಿಡಿತಿದ್ರು. ದಿನಾ.’

ಅವತ್ತು ಮಧ್ಯಾಹ್ನ ನೀನೇ ಫೋನ್ ಮಾಡಿದ್ದೆ. ‘ಗುರು, ನಿಮ್ಮಪ್ಪ ಎಲ್ಲಿ ಹೋದ?’ ಎಂದು ಕೇಳಿದೆ, ಮತ್ತೇನೂ ಕೇಳಲಿಲ್ಲ. ನಾನು ಗೆರೆ ಏರಿತೋ ಇಳಿಯಿತೋ ನೋಡುತ್ತ ಕೂತವನು, ವಿಡಿಯೋ ಮತ್ತೆ ಬರುತ್ತದೆ, ಅಲ್ಲಿಯ ತನಕ ನನ್ನ ಹಾಡು ಕೇಳು, ಅದರಲ್ಲಿ ಅಪ್ಪನ ದನಿ ಇನ್ನೂ ಸ್ವಚ್ಛ ಇದೆ ಎಂದು ದೊಡ್ಡಸ್ತಿಕೆ ಕೊಚ್ಚಿದೆ. ಸಂಜೆ ನೀನು ಮತ್ತೆ ಮಾಡಿದೆ. ‘ಕೇಳಿದೆ. ಚಂದ ಅದ’ ಎಂದೆ. ಆಮೇಲೆ ಇವತ್ತಿನ ತನಕ ನಿನ್ನ ಮಾತು ಕೇಳಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು. ಅರ್ಜಿ ಹಿಂದಕ್ಕೆ ತೆಗೆದುಕೊಂಡೆ, ಹಾಡನ್ನೂ ಅಲ್ಲಿಂದ ತೆಗೆದುಹಾಕಿದೆ. ತಡೆದಿದ್ದೆಲ್ಲ ಒಂದೊಂದೇ ಬಿಡುಗಡೆಯಾದವು. ಅಸದನದು ಬರಲಿಲ್ಲ. ಇಂಥ ಇನ್ನೊಂದು ಚೀಟಿ ಬಂದರೆ ಚಾನೆಲ್ಲೇ ಮುಚ್ಚುತ್ತದೆ ಎಂದು ಅವನಿಗೆ ಬರೆದಿದ್ದರಂತೆ. ಅಂಗಡಿಯ ಹೆಸರಿನ ಚಾನೆಲ್ಲು, ಹೆದರಿ ಅದೇ ದಿನ ತಾನೇ ಅಳಿಸಿಬಿಟ್ಟ. ವಿಡಿಯೋ ಹಿಡಿದಿದ್ದ ಹಳೆಯ ಫೋನು ಎಂದೋ ಮಾರಿದ್ದಾನೆ. ಯಾಕೆ ನನ್ನನ್ನು ಒಂದು ಮಾತು ಕೇಳಲಿಲ್ಲ ಎಂದು ನಾನೇ ಅವನ ಮೇಲೆ ಹಾರಿದೆ. ‘ಗುರು ಭಾಯ್, ನೀವೇ ಕೇಸ್ ಹಾಕೀರಿ ಅಂದ್ರ ನಾ ಯಾರ್ನ ಕೇಳ್ಲಿ?’ ಎಂದ.

ಹೋದ ಸೋಮವಾರ ದುಬಲಗುಂಡಿಗೆ ಹೋಗಿದ್ದೆ. ಹಾದಿಯುದ್ದಕ್ಕೂ ತೊಗರಿ ಹಳದಿ ಹೂ ಬಿಟ್ಟಿದೆ, ನೀನಿದ್ದರೆ ಬಸ್ಸಿನ ಕಿಟಕಿಯಿಂದಲೇ ಯಾರ ಹೊಲ ಎಂದು ಹೇಳುತ್ತಿದ್ದೆ. ಭಜನೆಯಲ್ಲಿ ತಾಳ ಹಾಕುವ ಮಡೆಪ್ಪ ಕಾಕಾ ಆಡು ಹೊಡೆದುಕೊಂಡು ಬಂದು ಕೈಕಾಲು ತೊಳೆದು ಗುಡಿಗೆ ಬಂದರು. ನಾನು ಕಾಲಿಗೆ ಬಿದ್ದೆ. ಅವರು ಸಿಟ್ಟು ಮಾಡಲಿಲ್ಲ, ಮಾಡಿದ್ದರೆ ಹಗುರಾಗುತ್ತಿತ್ತು. ‘ತಮ್ಮಾ, ನಿಮ್ಮಪ್ಪ ನನಗ ಈ ಪದ ಕೊಡೋವಾಗ ಬಾಯಾಗ ಬೆಲ್ಲದ ತುಂಡು ಇಟ್ಟಿದ್ದ. ಸಹಿ ತೊಗೊಂಡಿದ್ದಿಲ್ಲ’ ಎಂದರು. ಭಜನೆ ನಡೆಯಿತು. ಎಲ್ಲ ಪದ ಹಾಡಿದರು, ಅದೊಂದು ಬಿಟ್ಟರು. ಎರಡು ತಿಂಗಳಿಂದ ಹಾಡೇ ಇಲ್ಲವಂತೆ. ಈ ವಯಸ್ಸಿನಲ್ಲಿ ಯಾರು ಠಾಣೆ ಹತ್ತಬೇಕು ಎಂಬ ಹೆದರಿಕೆ. ಕೇಸೂ ಇಲ್ಲ, ಠಾಣೆಯೂ ಇಲ್ಲ ಎಂದು ನಾನು ಎಷ್ಟು ತಿಳಿಸಿ ಹೇಳಿದರೂ ಎಲ್ಲರೂ ತಲೆ ಅಲ್ಲಾಡಿಸಿದರು, ಯಾರೂ ಆ ಪದ ಎತ್ತಲಿಲ್ಲ. ಅಪ್ಪ ನಲವತ್ತು ವರ್ಷ ಹಾಡಿ ಊರ ಬಾಯಲ್ಲಿ ಇಟ್ಟದ್ದನ್ನು ನಾನು ಒಂದು ಗುರುತು ಹಾಕಿ ಕಸಿದುಕೊಂಡೆ. ನನಗೆ ಬಹಳ ನಾಚಿಕೆಯಾಯಿತು ಅವ್ವಾ.

ಬರುವ ಸೋಮವಾರ ಅಣ್ಣನ ಮನೆಯಲ್ಲಿ ಅಪ್ಪನ ಎರಡನೇ ವರ್ಷದ ಪುಣ್ಯಸ್ಮರಣೆ. ಭಜನೆಯವರೆಲ್ಲ ಬರುತ್ತಾರೆ. ಅವತ್ತೂ ಆ ಪದ ಬಿಟ್ಟರೆ ಅದು ಅಪ್ಪನ ಜೊತೆಗೇ ಹೋದ ಹಾಗೆ, ಕಳಿಸಿದವನು ನಾನು. ನಾನು ಎತ್ತಿದರೆ ಹಿಡಿಯುತ್ತೀರಾ ಎಂದು ಕಾಕಾನನ್ನು ಕೇಳಿದೆ. ತಾಳದ ದಾರ ಸುತ್ತುತ್ತ, ‘ನಿಮ್ಮಪ್ಪಂದು ಮೊದಲು ಹಿಡ್ಯಾಕಿ ನಿಮ್ಮವ್ವ. ಆಕಿ ಹಿಡದ್ರ ಹಿಂದಿಂದ ನಾವೆಲ್ಲ ಅದೀವಿ. ಆಕಿ ಸುಮ್ಮ ಕುಂತ್ರ ನಮಗ ಬಾಯಿ ಬರಂಗಿಲ್ಲ’ ಎಂದರು. ಅಪ್ಪ ಹೋದ ಮೇಲೆ ನೀನು ಭಜನೆಗೆ ಹೋಗಿಲ್ಲ ಎಂಬುದು ನನಗೆ ಗೊತ್ತು. ಆದರೂ ನಾನು ಸೋಮವಾರ ಎತ್ತುವವನೇ. ನನ್ನ ಫೋನು, ಮೈಕು ಎಲ್ಲ ಇಲ್ಲೇ ಬಿಟ್ಟು ಬರುತ್ತೇನೆ.

ಅಣ್ಣನಿಗೆ, ವೈನಿಗೆ ಶರಣು ಹೇಳು. ಗುಳಿಗೆ ನುಂಗು. ಕಾಲಿಗೆ ಚಪ್ಪಲಿ ಇರಲಿ.

ನಿನ್ನ ಪಾದದ ಮೇಲೆ ತಲೆ ಇಟ್ಟು, ನೀನು ಮುಟ್ಟುವ ತನಕ ಏಳದ
ನಿನ್ನ ಗುರುಲಿಂಗ

ತಾ.ಕ.: ಅಸದ್ ಬಂದು ಬಾಗಿಲಲ್ಲಿ ನಿಂತಿದ್ದಾನೆ, ಬಸ್ಸು ತಪ್ಪುತ್ತದೆ ಎಂದು ಗೊಣಗುತ್ತಿದ್ದಾನೆ. ಇಷ್ಟೆಲ್ಲ ಬರೆದೆ, ಬರೆಯಬೇಕಾದದ್ದನ್ನು ಬರೆಯಲಿಲ್ಲ. ವಿಡಿಯೋ ಹೋಗಿದ್ದು ನನ್ನ ದೊಡ್ಡ ತಪ್ಪಲ್ಲ. ಆ ವಿಡಿಯೋದಲ್ಲಿ ಅಪ್ಪ ಎತ್ತಿದ ಸಾಲನ್ನು ಕಂಬದ ಹಿಂದೆ ಕೂತು ಹಿಡಿಯುತ್ತಿದ್ದವಳು ನೀನು. ಅಪ್ಪನ ದನಿ ಸ್ವಚ್ಛ ಮಾಡಲು ಕೂತಾಗ ಫ್ಯಾನಿನ ಸಪ್ಪಳ ತೆಗೆದೆ, ಯಾರದೋ ಕೆಮ್ಮು ತೆಗೆದೆ, ನಾಯಿ ಬೊಗಳಿದ್ದು ತೆಗೆದೆ, ನಿನ್ನನ್ನೂ ತೆಗೆದೆ. ನಿನ್ನ ಜಾಗಕ್ಕೆ ಕೊಳಲು ಹಾಕಿದೆ. ಜಾಗ ಸಾಲದೆಂದು ಕಂಪ್ಯೂಟರಿನಿಂದ ಮೂಲವನ್ನೂ ಅಳಿಸಿದೆ. ಅರ್ಜಿಯಲ್ಲಿ ನಿನ್ನ ಹೆಸರು ಎಲ್ಲಿಯೂ ಬರೆಯಲಿಲ್ಲ. ಜನ ಬಿಟ್ಟು ಹೋಗುತ್ತಿದ್ದ ಇಪ್ಪತ್ತೆರಡನೇ ಸೆಕೆಂಡು ಅದೇ ಜಾಗ. ನನ್ನ ಹಾಡು ಕೇಳುವಾಗ ನೀನು ಅಲ್ಲಿ ಹಿಡಿಯಲು ಬಾಯಿ ತೆರೆದಿರಬೇಕು, ಕೊಳಲು ಬಂದಿರಬೇಕು. ಆಮೇಲೂ ನೀನು ಚಂದ ಅದ ಎಂದೆ. ವೈನಿಯ ಮಾತು, ಕಾಕಾನ ಮಾತು ಕೇಳುವ ತನಕ ನನಗೆ ಇದು ಹೊಳೆಯಲೇ ಇಲ್ಲ. ನಿನ್ನ ದನಿ ಇನ್ನು ಯಾವ ಯಂತ್ರದಿಂದಲೂ ತರಲಾರೆ. ಕೊಳಲು ತೆಗೆದಿದ್ದೇನೆ, ನನ್ನ ವಾದ್ಯ ಎಲ್ಲ ತೆಗೆದಿದ್ದೇನೆ. ಉಳಿದದ್ದನ್ನು ಅಸದ್ ನಿನ್ನ ಫೋನಿಗೆ ಹಾಕಿಕೊಡುತ್ತಾನೆ. ಅಪ್ಪ ಒಂದು ಸಾಲು ಎತ್ತುತ್ತಾನೆ, ಆಮೇಲೆ ಏನೂ ಇಲ್ಲ, ಮತ್ತೆ ಎತ್ತುತ್ತಾನೆ. ಫೋನು ಕೆಟ್ಟಿದೆ ಅಂದುಕೊಳ್ಳಬೇಡ. ಹಿಡಿ ಎಂದು ಕೇಳುವ ಮುಖ ನನಗಿಲ್ಲ. ನೀನು ಹಿಡಿಯುತ್ತಿದ್ದಷ್ಟು ಹೊತ್ತನ್ನು ಮಾತ್ರ ಹಾಗೇ ಖಾಲಿ ಬಿಟ್ಟಿದ್ದೇನೆ.