ಕುತ್ತಿಗೆಯ ಊತ ಇಳಿದ ಮೇಲೆ

ಸಾದಲಿ
14–9–2008

ಚಿರಂಜೀವಿ ತಮ್ಮ ವೇಣುಗೋಪಾಲನಿಗೆ,

ನಿನ್ನ ಅಕ್ಕನ ಆಶೀರ್ವಾದ. ನಿನ್ನ ಮಗಳ ತಿಥಿ ಮುಗಿಸಿ ನೀನು ಗೌರಿಬಿದನೂರಿಗೆ ಹೋಗಿ ತಿಂಗಳಾಯಿತು. ಬರೆಯುವುದು ತಡವಾಯಿತು, ಬೈದುಕೋ. ಅವತ್ತು ಎಲ್ಲರೆದುರು, “ಅಕ್ಕಾ, ಜ್ಯೋತಿ ಮಾತ್ರೆ ಸರಿಯಾಗಿ ನುಂಗ್ತಿದ್ಳಾ?” ಎಂದು ಕೇಳಿದೆ. ನಾನು ಹೂಂ ಎಂದೆ. ಅದು ಸುಳ್ಳು.

ನನ್ನ ಮಗ ತಂದ ಎಚ್‌ಐವಿ ಅವನನ್ನು ತಿಂದು, ನನ್ನ ಸೊಸೆಯಾಗಿ ಬಂದ ನಿನ್ನ ಜ್ಯೋತಿಗೂ ಅಂಟಿತು. ಅದರ ಮೇಲೆ ಟಿ.ಬಿ. ಎರಡಕ್ಕೂ ಆಸ್ಪತ್ರೆಯಲ್ಲಿ ಮಾತ್ರೆ ಕೊಟ್ಟಿದ್ದರು, ನಿನಗೆ ಗೊತ್ತು. ಎಚ್‌ಐವಿ ಮಾತ್ರೆ ಶುರುವಾದ ಮೂರೇ ವಾರಕ್ಕೆ ಜ್ವರ ಬಂದು, ಕುತ್ತಿಗೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಎದ್ದವು. ಕರೆದುಕೊಂಡು ಹೋಗಿ ಡಾಕ್ಟರ ಹತ್ತಿರ ಜಗಳಕ್ಕೇ ನಿಂತೆ. “ಅಮ್ಮಾ, ರಕ್ತದಲ್ಲಿ ಕಾವಲು ಕಾಯೋ ಕಣ ಇರ್ತವೆ. ಎಚ್‌ಐವಿ ಅವನ್ನ ಮಲಗಿಸಿತ್ತು. ಮಾತ್ರೆಯಿಂದ ಈಗ ಎದ್ದು, ಒಳಗಿರೋ ಟಿ.ಬಿ. ಮೇಲೆ ಬಿದ್ದಿವೆ. ಆ ಹೊಡೆದಾಟಕ್ಕೇ ಈ ಊತ. ಮಾತ್ರೆ ಮಾತ್ರ ನಿಲ್ಲಿಸ್ಬೇಡಿ,” ಎಂದರು.

ನಾನೆಲ್ಲಿ ನಂಬಲಿ? ಮೂವತ್ತು ವರ್ಷ ರೇಷ್ಮೆಹುಳು ಸಾಕಿದವಳು. ಹೊಸ ತೋಟದ ಸೊಪ್ಪು ತಿಂದು ಹುಳು ಊದಿದರೆ ಆ ಸೊಪ್ಪು ನಿಲ್ಲಿಸುತ್ತೇವೆ, ಅಷ್ಟೇ. ಎರಡೂ ಡಬ್ಬಿ ಕಿತ್ತುಕೊಂಡು ಹುಳುಮನೆಯಲ್ಲಿಟ್ಟೆ. ಕಾಯಿಲೆಯವರು ಅಲ್ಲಿ ಕಾಲಿಡುವ ಹಾಗಿಲ್ಲ. ಆ ಹುಚ್ಚಿ ಅಷ್ಟಾದರೂ ಹೊಸ್ತಿಲು ದಾಟಲಿಲ್ಲ ಕಣೋ. ಹೊರಗೇ ಕೂತು, “ಕೊಡು ಅತ್ತೆ, ಡಾಕ್ಟ್ರು ಬಿಡ್ಬೇಡ ಅಂದವ್ರೆ,” ಎಂದು ಅಳುತ್ತಿದ್ದಳು. “ಬಾಯ್ಮುಚ್ಕೊಂಡು ಬಿದ್ದಿರೇ, ನನ್ನ ಹುಳಾನೂ ಸಾಯಿಸ್ಬೇಡ,” ಎಂದೆ.

ಹದಿನೈದು ದಿನಕ್ಕೆ ಊತ ಇಳಿಯಿತು. ನೋಡಿದಿರಾ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದೆ. ನೀನು ಫೋನ್ ಮಾಡಿದಾಗಲೂ “ಹುಷಾರಾಗವ್ಳೆ” ಎಂದೆ. ಕಾವಲಿನವು ಮತ್ತೆ ಮಲಗಿದ್ದವಂತೆ, ಟಿ.ಬಿ. ಮಲಗಿರಲಿಲ್ಲ. ಮತ್ತೆ ಆಸ್ಪತ್ರೆಗೆ ಕರೆದೊಯ್ದು, ಡಾಕ್ಟರು ಉಗಿದು ಇದನ್ನು ಹೇಳುವ ಹೊತ್ತಿಗೆ ಅವಳು ಮೂಳೆಚಕ್ಕಳವಾಗಿದ್ದಳು. ನಾಲ್ಕೇ ದಿನ ಇದ್ದಳು.

ಕ್ಷಮಿಸು ಎನ್ನಲು ನನಗೆ ಮುಖವಿಲ್ಲ. ನೀನೂ ವರಲಕ್ಷ್ಮಿಯೂ ಗಂಡಹೆಂಡಿರು ನೂರ್ಕಾಲ ಚೆನ್ನಾಗಿರಿ.

ನಿನ್ನ ಅಕ್ಕ,
ರಾಮಲಕ್ಷ್ಮಮ್ಮ

ತಾ.ಕ.: ಇದನ್ನು ಮೇಲೆ ಬರೆಯಲು ಕೈ ಬರಲಿಲ್ಲ. ಅವಳು ದಿನಾ, “ಅಪ್ಪಂಗೆ ಫೋನ್ ಮಾಡು ಅತ್ತೆ, ಬಂದು ಕರ್ಕೊಂಡೋಗ್ಲಿ,” ಎನ್ನುತ್ತಿದ್ದಳು. ನೀನು ಬಂದರೆ ಮಾತ್ರೆ ನುಂಗಿಸುತ್ತೀಯ ಎಂದು ನಾನು ಮಾಡಲಿಲ್ಲ. “ಮಾಡ್ದೆ ಕಣೇ. ಆ ಕಾಯಿಲೆಯೋಳು ನಮ್ಮನೆಗೆ ಬೇಡ ಅಂದ ನಿಮ್ಮಪ್ಪ,” ಎಂದುಬಿಟ್ಟೆ. ಆಮೇಲೆ ಅವಳು ಮಾತ್ರೆಯನ್ನೂ ಕೇಳಲಿಲ್ಲ, ನಿನ್ನನ್ನೂ ಕೇಳಲಿಲ್ಲ.